ಆಳಾಗಿ ಆಳುವುದು ಹೇಗೆ? ಪ್ರಾಜೆಕ್ಟ್ ಮ್ಯಾನೇಜರ್‌ಗಳಿಗೊಂದು ಸಮಗ್ರ ಮಾರ್ಗದರ್ಶಿ

ನಾನು ಮೊದಲ ಸಲ ಪ್ರಾಜೆಕ್ಟ್ ಮ್ಯಾನೇಜರ್ ಆದಾಗ ದಿನಕ್ಕೆ ಮೂರು ಸಲ ಒಂದೇ ಪ್ರಶ್ನೆ ಕೇಳುತ್ತಿದ್ದೆ. "ಎಲ್ಲಿಗೆ ಬಂತು?" ಬೆಳಗ್ಗೆ ಮೀಟಿಂಗ್‌ನಲ್ಲಿ, ಊಟ ಆದ ಮೇಲೆ ಡೆಸ್ಕ್ ಹತ್ತಿರ ಹೋಗಿ, ಸಂಜೆ ಚಾಟ್‌ನಲ್ಲಿ. ನನ್ನ ಎಕ್ಸೆಲ್ ಶೀಟ್ ನೋಡೋಕೆ ಬಹಳ ಚೆನ್ನಾಗಿತ್ತು. ಟೀಮ್ ಚೆನ್ನಾಗಿರಲಿಲ್ಲ. ನಾಲ್ಕು ತಿಂಗಳಲ್ಲಿ ಇಬ್ಬರು ರಾಜೀನಾಮೆ ಕೊಟ್ಟರು. ಅವರಲ್ಲಿ ಒಬ್ಬಳು ಕೊನೆಯ ದಿನ ಕ್ಯಾಂಟೀನ್‌ನಲ್ಲಿ ಕಾಫಿ ಕುಡಿಯುತ್ತಾ ಹೇಳಿದಳು: "ಮೇಡಂ, ನೀವು ಎಲ್ಲಿಗೆ ಬಂತು ಅಂತ ಕೇಳ್ತೀರಿ. ಎಲ್ಲಿ ಸಿಕ್ಕಿಹಾಕಿಕೊಂಡಿದೆ ಅಂತ ಒಂದು ಸಲವೂ ಕೇಳಲಿಲ್ಲ."

ಆಮೇಲೆ ನಾನು ಸೇವಕ ನಾಯಕತ್ವದ ಬಗ್ಗೆ, ಅಂದರೆ ಟೀಮ್‌ಗೆ ಸೇವೆ ಮಾಡುತ್ತಲೇ ಅದನ್ನು ಮುನ್ನಡೆಸುವ ರೀತಿಯ ಬಗ್ಗೆ ಓದಿದೆ, ತರಬೇತಿಗೂ ಹೋದೆ. ಕಲಿತದ್ದರಲ್ಲಿ ಮುಕ್ಕಾಲು ಪಾಲು ಅವಳ ಆ ಎರಡು ಪ್ರಶ್ನೆಗಳ ಒಳಗೇ ಇತ್ತು. ಮೊದಲನೆಯದು ಲೆಕ್ಕ ಕೇಳುವವರ ಪ್ರಶ್ನೆ. ಎರಡನೆಯದು ದಾರಿ ಬಿಡಿಸುವವರ ಪ್ರಶ್ನೆ. ಒಂದರಿಂದ ಇನ್ನೊಂದಕ್ಕೆ ಹೋಗುವುದು ಹೇಗೆ ಅನ್ನೋದನ್ನು ಹಂತ ಹಂತವಾಗಿ ಬರೆದಿದ್ದೇನೆ. ನನ್ನ ಅನುಭವ ಸಾಫ್ಟ್‌ವೇರ್ ಟೀಮ್‌ಗಳದು. ಆದರೆ ಕಟ್ಟಡ ಕಟ್ಟಿಸುವವರು, ಸ್ವಸಹಾಯ ಸಂಘ ನಡೆಸುವವರು, ನಾಟಕ ಆಡಿಸುವವರಿಗೂ ಇದರಲ್ಲಿ ಬಹುಪಾಲು ಹೊಂದುತ್ತದೆ.

ಮೊದಲು, ಈ ಮಾತು ಎಲ್ಲಿಂದ ಬಂತು

ರಾಬರ್ಟ್ ಗ್ರೀನ್‌ಲೀಫ್ ಅಂತ ಒಬ್ಬ ಅಮೆರಿಕನ್. ಎಟಿ ಅಂಡ್ ಟಿ ಟೆಲಿಫೋನ್ ಕಂಪನಿಯಲ್ಲಿ 1926ರಿಂದ 1964ರವರೆಗೆ ಕೆಲಸ ಮಾಡಿದವರು. ಮ್ಯಾನೇಜರ್‌ಗಳನ್ನು ತಯಾರು ಮಾಡುವುದೇ ಅವರ ಕೆಲಸವಾಗಿತ್ತು. ನಿವೃತ್ತರಾದ ಮೇಲೆ, 1970ರಲ್ಲಿ, ಒಂದು ಪ್ರಬಂಧ ಬರೆದರು. ಅದರ ತಿರುಳು ಇಷ್ಟೇ: ಮೊದಲು ಸೇವೆ ಮಾಡಬೇಕು ಅನ್ನೋ ಮನಸ್ಸು ಬರಬೇಕು, ನಾಯಕತ್ವ ಅದರ ಹಿಂದೆ ಬರಬೇಕು. ಕುರ್ಚಿಯಲ್ಲಿ ಕೂತ ಮೇಲೆ ಸೇವೆಯ ಮಾತಾಡುವುದು ಬೇರೆ ಸಂಗತಿ.

ಕನ್ನಡದವರಿಗೆ ಇದು ಹೊಸದಾಗಿ ಕೇಳಿಸಬಾರದು. ನಮ್ಮಲ್ಲಿ 'ಆಳು' ಅಂದರೆ ಸೇವಕ. 'ಆಳು' ಅಂದರೆ ರಾಜ್ಯಭಾರ ಮಾಡು ಅಂತಲೂ ಹೌದು. ಆಳಾಗಬಲ್ಲವನು ಅರಸಾಗಬಲ್ಲ ಅಂತ ಗಾದೆಯೇ ಇದೆ. ಆದರೆ ನಮ್ಮ ಆಫೀಸುಗಳಲ್ಲಿ ಎರಡನೇ ಅರ್ಥವೇ ಗೆದ್ದಿದೆ, ಅಲ್ವಾ?

ಪ್ರಾಜೆಕ್ಟ್ ಮ್ಯಾನೇಜ್‌ಮೆಂಟಿಗೆ ಈ ಮಾತು ಬಂದದ್ದು ಮುಖ್ಯವಾಗಿ ಅಜೈಲ್ ಮೂಲಕ, ಅಂದರೆ ಕೆಲಸವನ್ನು ಚಿಕ್ಕ ಚಿಕ್ಕ ತುಂಡು ಮಾಡಿ, ಆಗಾಗ ತೋರಿಸಿ ತಿದ್ದಿಕೊಳ್ಳುತ್ತಾ ಹೋಗುವ ಪದ್ಧತಿಯ ಮೂಲಕ. ಸ್ಕ್ರಮ್ ಅನ್ನೋದು ಅಜೈಲ್‌ನ ಒಂದು ವಿಧಾನ, ಟೀಮ್ ಅದನ್ನು ಸರಿಯಾಗಿ ನಡೆಸುವ ಹಾಗೆ ನೋಡಿಕೊಳ್ಳುವವರು ಸ್ಕ್ರಮ್ ಮಾಸ್ಟರ್. ಅದರ ಕೈಪಿಡಿಯಾದ 2017ರ ಸ್ಕ್ರಮ್ ಗೈಡ್ ಸ್ಕ್ರಮ್ ಮಾಸ್ಟರ್‌ನನ್ನು ನೇರವಾಗಿ ಸೇವಕ ನಾಯಕ ಅಂತ ಕರೆಯಿತು. 2020ರ ಆವೃತ್ತಿಯಲ್ಲಿ ಆ ಪದ ಹೋಗಿ, 'ಟೀಮ್‌ಗೂ ಇಡೀ ಸಂಸ್ಥೆಗೂ ಸೇವೆ ಸಲ್ಲಿಸುವ ನಿಜವಾದ ನಾಯಕ' ಎಂಬ ಅರ್ಥದ ಮಾತು ಬಂತು. ಈ ಬದಲಾವಣೆ ನನಗೆ ಇಷ್ಟ. ಸೇವಕ ಅನ್ನೋದನ್ನು ಎಷ್ಟೋ ಕಡೆ ಮೀಟಿಂಗ್ ರೂಮ್ ಬುಕ್ ಮಾಡುವವರು, ಪಿಜ್ಜಾ ತರಿಸುವವರು ಅಂತ ತಿಳಿದುಕೊಂಡಿದ್ದರು. ಈಗಲೂ ಕೆಲವರು ಹಾಗೇ ತಿಳಿದಿದ್ದಾರೆ.

ಹಂತ 1: ಎರಡು ವಾರ ಬರೀ ಕೇಳಿಸಿಕೊಳ್ಳಿ

ಟೀಮ್ ಹೊಸದೇ ಇರಲಿ, ಹಳೆಯದೇ ಇರಲಿ, ಇಲ್ಲಿಂದಲೇ ಶುರು ಮಾಡಿ. ಪ್ರತಿಯೊಬ್ಬರ ಜೊತೆ ಅರ್ಧ ಗಂಟೆ. ಒಬ್ಬೊಬ್ಬರ ಜೊತೆ ಬೇರೆ ಬೇರೆ. ಲ್ಯಾಪ್‌ಟಾಪ್ ಮುಚ್ಚಿ, ಕೈಯಲ್ಲಿ ಒಂದು ನೋಟ್‌ಬುಕ್ ಸಾಕು. ಆದಷ್ಟು ಆಫೀಸಿನ ಹೊರಗೆ, ನಡೆಯುತ್ತಾ ಮಾತಾಡಿ. ಎದುರುಬದುರು ಕೂತರೆ ಅದು ಇಂಟರ್‌ವ್ಯೂ ತರಹ ಆಗಿಬಿಡುತ್ತದೆ.

ನಾನು ಕೇಳುವುದು ನಾಲ್ಕು ಪ್ರಶ್ನೆ. ಹೋದ ವಾರ ನಿಮ್ಮ ಸಮಯ ಜಾಸ್ತಿ ಹಾಳಾಗಿದ್ದು ಯಾವುದರಲ್ಲಿ? ಯಾರ ಉತ್ತರಕ್ಕಾಗಿ ಕಾಯ್ತಾ ಇದ್ದೀರಿ? ನಾವು ಮಾಡ್ತಿರೋ ಯಾವ ಕೆಲಸ ನಿಲ್ಲಿಸಿದರೂ ಯಾರಿಗೂ ಗೊತ್ತಾಗಲ್ಲ? ಮುಂದಿನ ವರ್ಷ ಏನು ಕಲಿತಿರಬೇಕು ಅಂತ ಆಸೆ?

ಮೂರನೇ ಪ್ರಶ್ನೆ ಬಿಡಬೇಡಿ. ನನ್ನ ಒಂದು ಟೀಮ್‌ನಲ್ಲಿ ಆ ಪ್ರಶ್ನೆಗೆ ಐದು ಜನ ಒಂದೇ ಉತ್ತರ ಕೊಟ್ಟರು: ಶುಕ್ರವಾರದ ಸ್ಟೇಟಸ್ ರಿಪೋರ್ಟ್. ಅದನ್ನು ಬರೆಯೋಕೆ ಪ್ರತಿಯೊಬ್ಬರಿಗೂ ಒಂದು ಗಂಟೆ ಹಿಡಿಯುತ್ತಿತ್ತು. ಓದುತ್ತಿದ್ದವಳು ನಾನೊಬ್ಬಳೇ. ಸುಮ್ನೆ ಕಣ್ಣಾಡಿಸಿ ಮುಚ್ಚುತ್ತಿದ್ದೆ.

ಇಲ್ಲಿ ನಮ್ಮ ಕಡೆಯ ಒಂದು ತೊಡಕು ಹೇಳಲೇಬೇಕು. ನಮ್ಮವರು ಮೇಲಿನವರಿಗೆ 'ಇಲ್ಲ' ಅನ್ನುವುದಿಲ್ಲ. 'ನೋಡ್ತೀನಿ ಮೇಡಂ' ಅಂತಾರೆ. ಈ 'ನೋಡ್ತೀನಿ'ಗೆ ಕನಿಷ್ಠ ಮೂರು ಅರ್ಥ ಇದೆ. ಮಾಡ್ತೀನಿ ಅನ್ನೋದು ಒಂದು. ಮಾಡೋಕೆ ಬರಲ್ಲ, ಆದರೆ ಹೇಳೋಕೆ ನಾಚಿಕೆ ಅನ್ನೋದು ಇನ್ನೊಂದು. ಇದು ಆಗೋ ಕೆಲಸ ಅಲ್ಲ, ನಿಮಗೂ ಗೊತ್ತು ಅನ್ನೋದು ಮೂರನೆಯದು. 'ಆಗುತ್ತಾ?' ಅಂತ ಕೇಳಿದರೆ ಯಾವಾಗಲೂ 'ನೋಡ್ತೀನಿ' ಬರುತ್ತದೆ. ಅದರ ಬದಲು 'ಇದು ಕೆಟ್ಟರೆ ಎಲ್ಲಿಂದ ಕೆಡಬಹುದು?' ಅಂತ ಕೇಳಿ ನೋಡಿ. ಈಗ ಕಷ್ಟ ಹೇಳುವುದೇ ಅವರ ಕೆಲಸ ಆಯಿತು. ನಾಚಿಕೆಯ ಮಾತಿಲ್ಲ.

ಇನ್ನೊಂದು ವಿಷಯ. ಈ ಎರಡು ವಾರ ಯಾವ ಮಾತೂ ಕೊಡಬೇಡಿ. 'ನಾನು ಸರಿ ಮಾಡ್ತೀನಿ' ಅಂದುಬಿಡೋಣ ಅನ್ನಿಸುತ್ತದೆ. ಹತ್ತು ಮಾತು ಕೊಟ್ಟು ಮೂರು ಉಳಿಸಿಕೊಂಡರೆ, ಮುಂದಿನ ಸಲ ಬಾಯಿ ಬಿಡುವವರು ಸಿಗುವುದಿಲ್ಲ.

ಹಂತ 2: ಅಡ್ಡಿ ಪಟ್ಟಿ ಮಾಡಿ, ಅದನ್ನು ನಿಮ್ಮ ಕೆಲಸ ಮಾಡಿಕೊಳ್ಳಿ

ಈ ಇಡೀ ಬರಹದಲ್ಲಿ ಒಂದನ್ನೇ ಮಾಡುತ್ತೀರಿ ಅಂದರೆ, ಇದನ್ನು ಮಾಡಿ.

ಒಂದು ಬೋರ್ಡ್ ಅಥವಾ ಶೀಟ್ ತೆಗೆದುಕೊಳ್ಳಿ. ಐದು ಕಾಲಂ: ಏನು ಅಡ್ಡಿ, ಯಾರಿಂದ, ಯಾವತ್ತಿನಿಂದ, ನಾನು ಮುಂದೆ ಏನು ಮಾಡುತ್ತೇನೆ, ಯಾವ ತಾರೀಖಿಗೆ. ಇದು ಟೀಮ್‌ನ ಕೆಲಸದ ಪಟ್ಟಿ ಅಲ್ಲ. ಇದು ನಿಮ್ಮ ಕೆಲಸದ ಪಟ್ಟಿ. ಟೀಮ್‌ಗೆ ಎಲ್ಲರಿಗೂ ಕಾಣುವ ಹಾಗೆ ಇಡಿ. ಅವರು ನಿಮಗೆ 'ಎಲ್ಲಿಗೆ ಬಂತು?' ಅಂತ ಕೇಳುವಂತಾಗಲಿ.

ಒಂದು ಉದಾಹರಣೆ. ಒಬ್ಬ ಟೆಸ್ಟರ್‌ಗೆ ಸರ್ವರ್ ಪ್ರವೇಶ ಸಿಕ್ಕಿಲ್ಲ, ಒಂಬತ್ತು ದಿನ ಆಯಿತು. ಅವನು ಇನ್ನೊಂದು ವಿಭಾಗಕ್ಕೆ ಮೂರು ಮೇಲ್ ಹಾಕಿದ್ದಾನೆ, ಉತ್ತರ ಇಲ್ಲ. ಬೆಳಗಿನ ಮೀಟಿಂಗ್‌ನಲ್ಲಿ ದಿನಾ 'ಕಾಯ್ತಾ ಇದ್ದೀನಿ' ಅಂತಾನೆ, ಎಲ್ಲರೂ ತಲೆ ಆಡಿಸುತ್ತಾರೆ. ಮ್ಯಾನೇಜರ್ ಮಾಡಬೇಕಾದ್ದು ಮೇಲ್‌ಗೆ ಇನ್ನೊಬ್ಬರನ್ನು ಸೇರಿಸುವುದಲ್ಲ. ಎದ್ದು ಆ ವಿಭಾಗಕ್ಕೆ ಹೋಗಿ, ಅಲ್ಲಿನವರ ಪಕ್ಕ ಕೂತು, ಅವರ ಕಷ್ಟ ಏನು ಅಂತ ಕೇಳುವುದು. ಹತ್ತರಲ್ಲಿ ಏಳು ಸಲ ಅವರಿಗೆ ಒಂದು ಫಾರ್ಮ್ ಬೇಕಾಗಿರುತ್ತದೆ, ಅದನ್ನು ಯಾರೂ ಹೇಳಿರುವುದಿಲ್ಲ.

ಪಟ್ಟಿಗೆ ಬಂದ ಅಡ್ಡಿಗಳನ್ನು ಮೂರು ಪಾಲು ಮಾಡಿ. ಟೀಮ್ ತಾನೇ ಬಿಡಿಸಿಕೊಳ್ಳಬಹುದಾದ್ದು, ನೀವು ಬಿಡಿಸಬೇಕಾದ್ದು, ಮೇಲಿನವರ ಹತ್ತಿರ ಒಯ್ಯಬೇಕಾದ್ದು. ಮೊದಲನೆಯದಕ್ಕೆ ಕೈ ಹಾಕಬೇಡಿ. ಟೀಮ್ ಬಿಡಿಸಬಹುದಾದ ಗಂಟನ್ನೂ ನೀವೇ ಬಿಡಿಸಿದರೆ ಅವರು ಗಂಟು ಬಿಡಿಸೋದನ್ನು ಮರೆಯುತ್ತಾರೆ. ಎರಡನೆಯದಕ್ಕೆ ಒಂದು ದಿನದೊಳಗೆ ಏನಾದರೂ ಹೆಜ್ಜೆ ಇಡಿ. ಪರಿಹಾರ ಆಗದಿದ್ದರೂ, 'ಇಂಥವರ ಹತ್ತಿರ ಮಾತಾಡಿದೆ, ಬುಧವಾರ ಹೇಳ್ತಾರಂತೆ' ಅಂತ ತಿಳಿಸಿ. ಮೂರನೆಯದನ್ನು ಮೇಲೆ ಒಯ್ಯುವಾಗ ಬರೀ ದೂರು ಒಯ್ಯಬೇಡಿ. ಎರಡು ದಾರಿ, ಅವುಗಳ ಖರ್ಚು, ಟೀಮ್ ಯಾವುದನ್ನು ಬಯಸುತ್ತದೆ, ಇಷ್ಟನ್ನು ಒಂದು ಪುಟದಲ್ಲಿ ಒಯ್ಯಿರಿ.

ಟೊಯೋಟಾ ಕಾರ್ಖಾನೆಗಳಲ್ಲಿ ಆಂಡಾನ್ ಅನ್ನೋ ಪದ್ಧತಿ ಇದೆ. ಲೈನ್‌ನಲ್ಲಿ ಕೆಲಸ ಮಾಡುವವನಿಗೆ ತೊಂದರೆ ಕಂಡರೆ ಹಗ್ಗ ಎಳೆಯುತ್ತಾನೆ ಅಥವಾ ಗುಂಡಿ ಒತ್ತುತ್ತಾನೆ. ದೀಪ ಹತ್ತುತ್ತದೆ, ಟೀಮ್ ಲೀಡರ್ ಓಡಿ ಬರುತ್ತಾನೆ. ಕಾರು ಮುಂದಿನ ಗುರುತಿಗೆ ಹೋಗುವಷ್ಟರಲ್ಲಿ ತೊಂದರೆ ಬಗೆಹರಿಯದಿದ್ದರೆ ಲೈನ್ ನಿಲ್ಲುತ್ತದೆ. ಎಲ್ಲರೂ ಹಗ್ಗದ ಬಗ್ಗೆ ಮಾತಾಡುತ್ತಾರೆ. ನನಗೆ ಮುಖ್ಯ ಅನ್ನಿಸುವುದು ಓಡಿ ಬರುವವನು. ಅವನು ಬರದಿದ್ದರೆ ಹಗ್ಗ ಎಳೆಯುವವರು ಎರಡನೇ ವಾರಕ್ಕೇ ನಿಲ್ಲಿಸುತ್ತಾರೆ.

ಹಂತ 3: 'ಏನು' ನಿಮ್ಮದು, 'ಹೇಗೆ' ಅವರದು

ಕೆಲಸ ಒಪ್ಪಿಸುವಾಗ ನಾಲ್ಕು ವಿಷಯ ಹೇಳಿ: ಕೊನೆಗೆ ಏನು ಸಿಗಬೇಕು, ಯಾರಿಗೆ ಯಾಕೆ ಬೇಕು, ಯಾವ ಗೆರೆ ದಾಟಬಾರದು, ಮತ್ತೆ ಯಾವತ್ತು ಕೂತು ನೋಡೋಣ. ಅಲ್ಲಿಗೆ ನಿಲ್ಲಿಸಿ. ಯಾವ ಲೈಬ್ರರಿ (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್), ಯಾವ ಕ್ರಮ, ಯಾರು ಯಾವ ಭಾಗ ಅನ್ನೋದನ್ನು ಅವರಿಗೆ ಬಿಡಿ. ಎಷ್ಟು ದಿನ ಹಿಡಿಯುತ್ತದೆ ಅನ್ನೋ ಅಂದಾಜನ್ನೂ ಕೆಲಸ ಮಾಡುವವರೇ ಕೊಡಲಿ. ಕ್ಲೈಂಟ್‌ಗೆ ಮೊದಲೇ ತಾರೀಖು ಕೊಟ್ಟು, ಆಮೇಲೆ ಟೀಮ್ ಹತ್ತಿರ 'ಎಷ್ಟು ದಿನ ಬೇಕು?' ಅಂತ ಕೇಳುವುದು ನಾಟಕ. ಅದು ಅವರಿಗೂ ಗೊತ್ತಾಗುತ್ತದೆ.

ಬಿಡುವುದು ಅಂದರೆ ಕೈತೊಳೆದುಕೊಳ್ಳುವುದಲ್ಲ. ನಾನು ಒಂದು ಸಲ ಈ ತಪ್ಪೂ ಮಾಡಿದ್ದೇನೆ. ಆರು ತಿಂಗಳ ಅನುಭವದ ಹುಡುಗನಿಗೆ ಪೇಮೆಂಟ್ ಭಾಗ ಕೊಟ್ಟು 'ನಿನ್ನ ಮೇಲೆ ನಂಬಿಕೆ ಇದೆ' ಅಂದು ಹೋಗಿಬಿಟ್ಟೆ. ಅವನು ಮೂರು ವಾರ ರಾತ್ರಿ ನಿದ್ದೆಗೆಟ್ಟ. ಹೊಸಬರ ಜೊತೆ ಎರಡು ದಿನಕ್ಕೊಮ್ಮೆ, ಪಳಗಿದವರ ಜೊತೆ ವಾರಕ್ಕೊಮ್ಮೆ ಕೂತು ನೋಡೋದು, ಅಂತ ಹಗ್ಗದ ಉದ್ದ ಬೇರೆ ಬೇರೆ ಇರಬೇಕು.

ಹಂತ 4: ಸೋಲು ನಿಮ್ಮ ತಲೆಗೆ, ಗೆಲುವು ಅವರ ಕೊರಳಿಗೆ

ಇದಕ್ಕೆ ಭಾರತದಲ್ಲಿ ಸತೀಶ್ ಧವನ್ ಅವರಿಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದುಕೊಂಡೇ ಇಸ್ರೋ ಅಧ್ಯಕ್ಷರೂ ಆಗಿದ್ದವರು. 1979ರ ಆಗಸ್ಟ್ 10ರಂದು ಶ್ರೀಹರಿಕೋಟಾದಿಂದ ಎಸ್‌ಎಲ್‌ವಿ-3 ರಾಕೆಟ್ ಹಾರಿತು. ಪ್ರಾಜೆಕ್ಟ್ ಡೈರೆಕ್ಟರ್ ಎ.ಪಿ.ಜೆ. ಅಬ್ದುಲ್ ಕಲಾಂ. ಎರಡನೇ ಹಂತದ ನಿಯಂತ್ರಣ ವ್ಯವಸ್ಥೆ ಕೈಕೊಟ್ಟಿತು. ಏಳು ವರ್ಷದ ದುಡಿಮೆ ಐದಾರು ನಿಮಿಷದಲ್ಲಿ ಬಂಗಾಳ ಕೊಲ್ಲಿಗೆ ಬಿತ್ತು.

ಪತ್ರಕರ್ತರು ಕಾಯುತ್ತಿದ್ದರು. ಧವನ್ ಕಲಾಂ ಅವರನ್ನು ಮುಂದೆ ತಳ್ಳಲಿಲ್ಲ. ತಾವೇ ಮಾತಾಡಿದರು. ಸೋತಿದ್ದೇವೆ, ಆದರೆ ನನ್ನ ಟೀಮ್ ಮೇಲೆ ನಂಬಿಕೆ ಇದೆ, ಮುಂದಿನ ವರ್ಷ ಗೆಲ್ಲುತ್ತಾರೆ ಎಂಬ ಅರ್ಥದಲ್ಲಿ ಹೇಳಿ ಟೀಕೆಯನ್ನೆಲ್ಲ ತಾವೇ ಹೊತ್ತರು. 1980ರ ಜುಲೈ 18ರಂದು ಅದೇ ಮಾದರಿಯ ರಾಕೆಟ್ ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿತು. ಆಗ ಧವನ್ ಕಲಾಂ ಅವರನ್ನು ಕರೆದು ಹೇಳಿದ್ದು, ಇವತ್ತಿನ ಪತ್ರಿಕಾಗೋಷ್ಠಿ ನೀವೇ ನಡೆಸಿ ಅಂತ. ಕಲಾಂ ಈ ಕಥೆಯನ್ನು ತಮ್ಮ ಭಾಷಣಗಳಲ್ಲಿ ಮತ್ತೆ ಮತ್ತೆ ಹೇಳುತ್ತಿದ್ದರು.

ಈ ಕಥೆಯನ್ನು ಹೇಳುವವರು ಒಂದು ವಿಷಯ ಬಿಟ್ಟುಬಿಡುತ್ತಾರೆ. ಹೊರಗೆ ಟೀಮ್ ಅನ್ನು ಕಾಪಾಡಿದ್ದರಿಂದ ಒಳಗೆ ತಪ್ಪನ್ನು ಮುಚ್ಚಿಹಾಕಿದ ಹಾಗಾಗಲಿಲ್ಲ. ಯಾಕೆ ಕೈಕೊಟ್ಟಿತು ಅಂತ ಕೂತು ಹುಡುಕಿದರು. ಕಾರಣ ಒಂದು ಕವಾಟದ ಸೋರಿಕೆಯವರೆಗೂ ಹೋಯಿತು. ಎರಡೂ ಬೇಕು: ಹೊರಗೆ ಕೊಡೆ, ಒಳಗೆ ಭೂತಗನ್ನಡಿ.

ನಮ್ಮ ಮಟ್ಟದಲ್ಲಿ ಇದನ್ನು ಹೀಗೆ ಮಾಡಬಹುದು. ರಿಲೀಸ್, ಅಂದರೆ ಸಾಫ್ಟ್‌ವೇರ್‌ನ ಹೊಸ ಆವೃತ್ತಿ, ಕೆಟ್ಟು ಕ್ಲೈಂಟ್ ಸಿಟ್ಟಾಗಿದ್ದಾರೆ ಅಂದುಕೊಳ್ಳಿ. ಮೇಲ್ ನಿಮ್ಮ ಹೆಸರಿನಿಂದ ಹೋಗಲಿ. ಅದರಲ್ಲಿ ಯಾವ ಡೆವಲಪರ್ ಹೆಸರೂ ಬೇಡ. ಹೀಗೆ ಬರೆಯಿರಿ: 'ನಿನ್ನೆ ರಾತ್ರಿಯ ಬದಲಾವಣೆಯಿಂದ ಎರಡು ಗಂಟೆ ಸೇವೆ ನಿಂತಿತು. ಹೊರಡುವ ಮುನ್ನ ಮಾಡಬೇಕಾದ ಒಂದು ಪರೀಕ್ಷೆಯನ್ನು ನಾನು ಯೋಜನೆಯಲ್ಲಿ ಸೇರಿಸಿರಲಿಲ್ಲ. ಈಗ ಸೇರಿಸಿದ್ದೇವೆ. ವಿವರ ಗುರುವಾರ ಕಳಿಸುತ್ತೇನೆ.' ಆಮೇಲೆ ಟೀಮ್ ಜೊತೆ ಕೂತು, 'ಯಾರು ಮಾಡಿದ್ದು?' ಅನ್ನೋದನ್ನು ಬಿಟ್ಟು, 'ಇದು ನಮ್ಮ ಕಣ್ಣು ತಪ್ಪಿಸಿ ಹೋಗಿದ್ದು ಹೇಗೆ?' ಅಂತ ಕೇಳಿ. ಗೆದ್ದಾಗ ಉಲ್ಟಾ. ಡೆಮೋ ಅವರೇ ಕೊಡಲಿ. ಹೊಗಳಿಕೆಯ ಮೇಲ್‌ನಲ್ಲಿ ಹೆಸರು ಹೆಸರು ಹಿಡಿದು, ಯಾರು ಏನು ಮಾಡಿದರು ಅಂತ ಬರೆಯಿರಿ. 'ಟೀಮ್‌ಗೆ ಅಭಿನಂದನೆಗಳು' ಅಂದರೆ ಯಾರಿಗೂ ತಾಗುವುದಿಲ್ಲ.

ಹಂತ 5: ಕೆಟ್ಟ ಸುದ್ದಿ ಬೇಗ ಬರುವ ಹಾಗೆ ಮಾಡಿ

ಪ್ರಾಜೆಕ್ಟ್ ಲೋಕದಲ್ಲಿ 'ಕಲ್ಲಂಗಡಿ ಸ್ಟೇಟಸ್' ಅಂತ ಒಂದು ಮಾತಿದೆ. ರಿಪೋರ್ಟ್‌ನಲ್ಲಿ ಹಸಿರು ಅಂದರೆ ಎಲ್ಲ ಸರಿ ಇದೆ, ಕೆಂಪು ಅಂದರೆ ತೊಂದರೆ ಇದೆ. ಕಲ್ಲಂಗಡಿ ಹೊರಗೆ ಹಸಿರು, ಕೊಯ್ದರೆ ಕೆಂಪು. ತಿಂಗಳುಗಟ್ಟಲೆ ರಿಪೋರ್ಟ್ ಹಸಿರಾಗಿಯೇ ಇರುತ್ತದೆ, ಕೊನೆಯ ವಾರ ಇದ್ದಕ್ಕಿದ್ದಂತೆ ಕೆಂಪಾಗುತ್ತದೆ. ಕೆಂಪು ಅಂತ ಮೊದಲು ಹೇಳಿದವರಿಗೆ ಬೈಗುಳ ಬಿದ್ದಿರುವ ಕಡೆ ಹಣ್ಣು ಹೀಗೇ ಬೆಳೆಯುತ್ತದೆ.

ಹಾರ್ವರ್ಡ್‌ನ ಸಂಶೋಧಕಿ ಏಮಿ ಎಡ್ಮಂಡ್ಸನ್ 1990ರ ದಶಕದಲ್ಲಿ ಆಸ್ಪತ್ರೆಯ ಟೀಮ್‌ಗಳನ್ನು ನೋಡಿದರು. ಒಳ್ಳೆಯ ಟೀಮ್‌ಗಳಲ್ಲಿ ಔಷಧಿಯ ತಪ್ಪು ಕಡಿಮೆ ಇರುತ್ತದೆ ಅಂದುಕೊಂಡಿದ್ದರು. ಲೆಕ್ಕ ನೋಡಿದರೆ ಒಳ್ಳೆಯ ಟೀಮ್‌ಗಳಲ್ಲೇ ಜಾಸ್ತಿ ತಪ್ಪು ದಾಖಲಾಗಿತ್ತು. ಅವರು ತಪ್ಪನ್ನು ಜಾಸ್ತಿ ಮಾಡುತ್ತಿರಲಿಲ್ಲ, ಜಾಸ್ತಿ ಹೇಳುತ್ತಿದ್ದರು ಅನ್ನೋದು ಆಮೇಲೆ ಹೊಳೆಯಿತು. ಹಾಗಾಗಿ ನೀವು ಈ ದಾರಿ ಹಿಡಿದ ಮೊದಲ ತಿಂಗಳು ಕೆಂಪು ಗುರುತು ಜಾಸ್ತಿಯಾದರೆ ಹೆದರಬೇಡಿ. ನಿಮ್ಮ ಮೇಲಿನವರಿಗೂ ಇದನ್ನು ಮೊದಲೇ ಹೇಳಿಡಿ. ಅವರು ಹೆದರಿದರೆ ನಿಮಗೆ ಕಷ್ಟ.

ಶುರು ಮಾಡುವ ಸುಲಭದ ದಾರಿ: ವಾರದ ಮೀಟಿಂಗ್‌ನಲ್ಲಿ ನಿಮ್ಮ ತಪ್ಪನ್ನೇ ಮೊದಲು ಹೇಳಿ. ಚಿಕ್ಕದಾಗಲಿ, ನಿಜವಾದ್ದಾಗಲಿ. 'ಕ್ಲೈಂಟ್ ಕೇಳಿದ್ದಕ್ಕೆ ನಿಮ್ಮನ್ನು ಕೇಳದೆ ಹೂಂ ಅಂದುಬಿಟ್ಟೆ' ಅಂತ ನಾನು ಹೇಳಿದ ದಿನ ರೂಮ್‌ನಲ್ಲಿ ಒಂದು ನಿಮಿಷ ಯಾರೂ ಮಾತಾಡಲಿಲ್ಲ. ಮುಂದಿನ ವಾರ ಇಬ್ಬರು ತಮ್ಮದನ್ನು ಹೇಳಿದರು.

ಹಂತ 6: ಹುರುಪನ್ನು ಕೊಂಡುಕೊಳ್ಳೋಕೆ ಹೋಗಬೇಡಿ

ಸಂಬಳದ ಮಾತು ಮೊದಲು ಮುಗಿಸೋಣ. ಮಾರುಕಟ್ಟೆಗಿಂತ ಕಡಿಮೆ ಸಂಬಳ ಕೊಟ್ಟು, ಆ ಜಾಗದಲ್ಲಿ ಸೇವಕ ನಾಯಕತ್ವ ತುಂಬುತ್ತೇನೆ ಅಂದರೆ ಅದು ಮೋಸ. ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಹರ್ಜ್‌ಬರ್ಗ್ ಅಮೆರಿಕದ ಪಿಟ್ಸ್‌ಬರ್ಗ್‌ನ ಸುಮಾರು 200 ಎಂಜಿನಿಯರ್ ಮತ್ತು ಲೆಕ್ಕಿಗರನ್ನು ಮಾತಾಡಿಸಿ 1959ರಲ್ಲಿ ಹೇಳಿದ್ದು ಇವತ್ತಿಗೂ ಕೆಲಸಕ್ಕೆ ಬರುತ್ತದೆ. ಸಂಬಳ, ಕಂಪನಿ ನಿಯಮ, ಕೂರುವ ಜಾಗ ಇವು ಕೆಟ್ಟಿದ್ದರೆ ಜನ ಬೇಜಾರಾಗುತ್ತಾರೆ. ಸರಿ ಇದ್ದರೆ ಬೇಜಾರು ಹೋಗುತ್ತದೆ, ಅಷ್ಟೇ. ಹುರುಪು ಬರುವುದು ಸಾಧಿಸಿದ ಖುಷಿಯಿಂದ, ಗುರುತಿಸಿದ್ದರಿಂದ, ಕೆಲಸದಿಂದಲೇ, ಜವಾಬ್ದಾರಿಯಿಂದ, ಬೆಳೆಯುವುದರಿಂದ.

ಇನ್ನೊಬ್ಬ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಡೆಸಿ 1971ರಲ್ಲಿ ಪ್ರಕಟಿಸಿದ ಪ್ರಯೋಗ ಇನ್ನೂ ತಮಾಷೆಯಾಗಿದೆ. ವಿದ್ಯಾರ್ಥಿಗಳಿಗೆ ಒಗಟಿನ ಘನಗಳನ್ನು ಜೋಡಿಸೋಕೆ ಕೊಟ್ಟರು. ಕೆಲವರಿಗೆ ಒಂದು ಹಂತದಲ್ಲಿ ಜೋಡಿಸಿದ್ದಕ್ಕೆ ದುಡ್ಡು ಕೊಟ್ಟರು. ದುಡ್ಡು ನಿಂತ ಮೇಲೆ, ಬಿಡುವಿನ ಸಮಯದಲ್ಲಿ ಅವರ ಆಸಕ್ತಿ ಇಳಿಯಿತು. ಮೊದಲು ಸುಮ್ನೆ ಆಡುತ್ತಿದ್ದವರು ಈಗ ಕೂಲಿಯವರಾಗಿಬಿಟ್ಟಿದ್ದರು. ಡೆಸಿ ಮತ್ತು ರಿಚರ್ಡ್ ರಯಾನ್ ಮುಂದೆ ಮೂರು ಹಸಿವುಗಳ ಬಗ್ಗೆ ಬರೆದರು: ನನ್ನ ಕೆಲಸ ನನ್ನ ಕೈಯಲ್ಲಿದೆ ಅನ್ನೋದು, ನನಗೆ ಇದು ಬರುತ್ತದೆ ಅನ್ನೋದು, ಇವರು ನನ್ನವರು ಅನ್ನೋದು.

ಹಾಗಾಗಿ 'ತಿಂಗಳ ಅತ್ಯುತ್ತಮ ಉದ್ಯೋಗಿ' ಫೋಟೋ ನನಗೆ ಅಷ್ಟಾಗಿ ಹಿಡಿಸುವುದಿಲ್ಲ. ಒಬ್ಬರಿಗೆ ಖುಷಿ, ಒಂಬತ್ತು ಜನಕ್ಕೆ ಕಿರಿಕಿರಿ. ಅದರ ಬದಲು ಮೊದಲ ಹಂತದ ನಾಲ್ಕನೇ ಪ್ರಶ್ನೆಗೆ ವಾಪಸ್ ಹೋಗಿ. ಕೈಯಿಂದಲೇ ಮ್ಯಾನುಯಲ್ ಟೆಸ್ಟಿಂಗ್ ಮಾಡುವವಳು ಆಟೊಮೇಶನ್ (ಅದೇ ಪರೀಕ್ಷೆಯನ್ನು ಪ್ರೋಗ್ರಾಂನಿಂದ ಮಾಡಿಸೋದು) ಕಲಿಯಬೇಕು ಅಂದಿದ್ದಳಾ? ವಾರಕ್ಕೆ ನಾಲ್ಕು ಗಂಟೆ ಅವಳಿಗೆ ಬಿಡಿಸಿಕೊಡಿ, ಪ್ಲಾನ್‌ನಲ್ಲೇ ಬರೆದಿಡಿ. ರಿಲೀಸ್ ಹತ್ತಿರ ಬಂದಾಗ ಮೊದಲು ಕತ್ತರಿ ಬೀಳುವುದು ಆ ನಾಲ್ಕು ಗಂಟೆಗೆ. ಅದನ್ನು ಕಾಯುವುದು ನಿಮ್ಮ ಕೆಲಸ.

ಹಂತ 7: 'ಆಗಲ್ಲ' ಅನ್ನೋದೂ ಸೇವೆಯೇ

ಇಲ್ಲಿ ಎಡವುವವರೇ ಜಾಸ್ತಿ. ಸೇವೆ ಅಂದರೆ ಎಲ್ಲರಿಗೂ ಹೂಂ ಅನ್ನೋದು ಅಂತ ತಿಳಿಯುತ್ತಾರೆ.

ಕ್ಲೈಂಟ್ ಮಧ್ಯದಲ್ಲಿ ಹೊಸದೇನಾದರೂ ಕೇಳಿದರೆ, 'ಮಾಡಬಹುದು. ಇದು ಒಳಗೆ ಬಂದರೆ ಯಾವುದು ಹೊರಗೆ ಹೋಗಲಿ?' ಅನ್ನಿ. ಈ ಒಂದು ವಾಕ್ಯ ನನ್ನ ಟೀಮ್‌ನ ಎಷ್ಟೋ ಶನಿವಾರಗಳನ್ನು ಉಳಿಸಿದೆ.

ಟೀಮ್‌ನಲ್ಲೇ ಒಬ್ಬರು ಕೆಲಸ ಮಾಡುತ್ತಿಲ್ಲ ಅಂದಾಗ ಕಷ್ಟ ಜಾಸ್ತಿ. ಸುಮ್ಮನಿದ್ದರೆ ಅವರ ಹೊರೆ ಉಳಿದವರ ಬೆನ್ನಿಗೆ ಬೀಳುತ್ತದೆ. ಒಬ್ಬರಿಗೆ ಒಳ್ಳೆಯವರಾಗೋಕೆ ಹೋಗಿ ಆರು ಜನರಿಗೆ ಅನ್ಯಾಯ ಮಾಡಿದ ಹಾಗಾಯಿತು. ಒಬ್ಬರೇ ಇರುವಾಗ, ನಡೆದದ್ದನ್ನು ತಾರೀಖಿನ ಸಮೇತ ಹೇಳಿ. 'ನೀವು ಸೋಮಾರಿ' ಅನ್ನಬೇಡಿ. 'ಮೂರು ವಾರದಲ್ಲಿ ಎರಡು ಸಲ ಹೇಳಿದ ದಿನಕ್ಕೆ ಕೊಡಲಿಲ್ಲ, ಏನಾಗ್ತಿದೆ?' ಅಂತ ಕೇಳಿ. ಮನೆಯಲ್ಲಿ ಕಷ್ಟ ಇರಬಹುದು, ಕೆಲಸ ಬರದೇ ಇರಬಹುದು, ಬೇಡವೂ ಆಗಿರಬಹುದು. ಮೂರಕ್ಕೂ ಮದ್ದು ಬೇರೆ. ಮೂರನೆಯದಾದರೆ ಬೇರೆ ಟೀಮ್ ಹುಡುಕಿಕೊಡುವುದೇ ಇಬ್ಬರಿಗೂ ಒಳ್ಳೆಯದು.

ಇನ್ನು ರಾತ್ರಿ ಹನ್ನೊಂದಕ್ಕೆ ಕೂತು ಟೀಮ್‌ನ ಕೋಡ್ ತಾನೇ ಸರಿಮಾಡುವ ಮ್ಯಾನೇಜರ್. ಅದು ತ್ಯಾಗದ ಹಾಗೆ ಕಾಣುತ್ತದೆ. ಬೆಳಗ್ಗೆ ಆ ಡೆವಲಪರ್‌ಗೆ ಅನ್ನಿಸುವುದು 'ನನ್ನ ಮೇಲೆ ನಂಬಿಕೆ ಇಲ್ಲ' ಅಂತ.

ಹಂತ 8: ಅಳೆಯುವುದು ಹೇಗೆ

ಗ್ರೀನ್‌ಲೀಫ್ ತಮ್ಮ ಪ್ರಬಂಧದಲ್ಲೇ ಒಂದು ಪರೀಕ್ಷೆ ಕೊಟ್ಟಿದ್ದಾರೆ. ಅದರ ಸಾರ: ನೀವು ಸೇವೆ ಮಾಡುವ ಜನ ಬೆಳೆಯುತ್ತಿದ್ದಾರಾ? ಹೆಚ್ಚು ಆರೋಗ್ಯವಾಗಿ, ತಿಳಿವಳಿಕೆಯಿಂದ, ಸ್ವತಂತ್ರವಾಗಿ ಇದ್ದಾರಾ? ಅವರೂ ಇನ್ನೊಬ್ಬರಿಗೆ ಸೇವೆ ಮಾಡುವವರಾಗುತ್ತಿದ್ದಾರಾ? ಎಲ್ಲರಿಗಿಂತ ಕೆಳಗಿರುವವರ ಮೇಲೆ ಇದರ ಪರಿಣಾಮ ಏನು?

ನಾನು ಇದನ್ನು ಮೂರು ತಿಂಗಳಿಗೊಮ್ಮೆ ನೋಟ್‌ಬುಕ್‌ನಲ್ಲಿ ಹೀಗೆ ಕೇಳಿಕೊಳ್ಳುತ್ತೇನೆ. ಮೊದಲು ನನ್ನ ಹತ್ತಿರ ಬರುತ್ತಿದ್ದ ಯಾವ ತೀರ್ಮಾನ ಈಗ ಬರುತ್ತಿಲ್ಲ? ಯಾರು ಹೊಸದೇನು ಕಲಿತರು? ಅಡ್ಡಿ ಪಟ್ಟಿಯಲ್ಲಿ ತುಂಬಾ ಹಳೆಯ ಸಾಲು ಎಷ್ಟು ದಿನದ್ದು? ಕಾಂಟ್ರಾಕ್ಟ್ ಮೇಲಿರುವ ಹುಡುಗ ಮೀಟಿಂಗ್‌ನಲ್ಲಿ ಕೊನೆಯ ಸಲ ಮಾತಾಡಿದ್ದು ಯಾವಾಗ?

ಇನ್ನೊಂದು ಒರಟು ಪರೀಕ್ಷೆಯೂ ಇದೆ. ಒಂದು ವಾರ ರಜೆ ಹಾಕಿ ಊರಿಗೆ ಹೋಗಿ. ಲ್ಯಾಪ್‌ಟಾಪ್ ಒಯ್ಯಬೇಡಿ. ಫೋನ್ ಎಷ್ಟು ಸಲ ಬಂತು, ಯಾತಕ್ಕೆ ಬಂತು ಅಂತ ಬರೆದಿಡಿ. ಮೊದಲ ವರ್ಷ ಊರ ಜಾತ್ರೆಗೆ ಹೋದಾಗ ತೇರು ಎಳೆಯುವಷ್ಟರಲ್ಲಿ ನನಗೆ ಹದಿನಾಲ್ಕು ಕಾಲ್ ಬಂದಿತ್ತು. ಮೂರನೇ ವರ್ಷ ಇಡೀ ವಾರಕ್ಕೆ ಒಂದೇ ಒಂದು. ಹೆಮ್ಮೆಯಿಂದ ಎತ್ತಿದೆ. ಟೆಸ್ಟಿಂಗ್ ಫೋನ್‌ಗಳನ್ನು ಇಟ್ಟ ಡ್ರಾಯರ್‌ನ ಕೀಲಿ ಎಲ್ಲಿದೆ ಅಂತ ಕೇಳಿದರು. ನನ್ನ ಪರ್ಸ್‌ನಲ್ಲಿತ್ತು. ವಾಪಸ್ ಹೋದಾಗ ಅಡ್ಡಿ ಪಟ್ಟಿಯಲ್ಲಿ ಆಗಲೇ ಒಂದು ಹೊಸ ಸಾಲು ಸೇರಿತ್ತು. 'ಯಾರಿಂದ' ಅನ್ನೋ ಕಾಲಂನಲ್ಲಿ ನನ್ನ ಹೆಸರು.